ಚೆಂಡುಹೂ ಅಂದುಕೊಂಡು ನೆಟ್ಟ ಹವಳ

ಕಡೂರು ಸ್ಟೇಷನ್

ಸಮುದ್ರ ನೀಲಿಯಾಗಿತ್ತು. ಮರಳು ಬೆಳ್ಳಗಿತ್ತು. ಬರೆದಿದ್ದಾಯಿತು, ಇನ್ನು ಅದನ್ನು ಕೇಳಬೇಡಿ. ಮಾಲ್ಡೀವ್ಸಿಗೆ ಹೋಗಿ ಬಂದೆ ಅಂದರೆ ನಮ್ಮ ಕಡೆ ಎಲ್ಲರೂ ಕೇಳುವುದು ಅದೊಂದೇ. ನಾನು ಅಲ್ಲಿ ನೋಡಿದ್ದು ಹೆಚ್ಚಾಗಿ ಕಲ್ಲು. ಅದು ಕಲ್ಲೂ ಅಲ್ಲ ಅಂತ ನಮ್ಮಕ್ಕ ಬೈದು ಬೈದು ತಲೆಗೆ ತುಂಬಿದ್ದಾಳೆ.

ನಮ್ಮಕ್ಕ ಗಿರಿಜ ಅಲ್ಲಿನ ಒಂದು ಸಣ್ಣ ದ್ವೀಪದಲ್ಲಿ ಹವಳ ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಮನೆಯಲ್ಲಿ ಯಾರೂ ಮೀನು ಮುಟ್ಟದವರು, ಇವಳು ಮಂಗಳೂರಿಗೆ ಹೋಗಿ ಮೀನಿನ ಓದು ಓದಿದಳು. ನಾನು ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಬಿದ್ದು, ಮತ್ತೆ ಕಟ್ಟಿ, ಮತ್ತೆ ಬಿದ್ದು, ಅಜ್ಜಂಪುರದ ಹತ್ತಿರ ನಮ್ಮ ಹೊಲದಲ್ಲಿ ಈರುಳ್ಳಿ, ಮೆಣಸಿನಕಾಯಿ ಹಾಕಿಕೊಂಡು ನೆಮ್ಮದಿಯಾಗಿದ್ದೆ. ಅವಳು ಫೋನ್ ಮಾಡುವವರೆಗೆ.

"ಲೇ ರುದ್ರ, ನನ್ ಕಿವಿ ಸೋರ್ತೈತೆ ಕಣೋ. ನೀರೊಳಗೆ ತಲೆ ಹಾಕ್ಲೇಬ್ಯಾಡ ಅಂದವ್ರೆ ಡಾಕ್ಟ್ರು. ನೀನು ಹೊರಟು ಬಾ."

"ನಾನೇನು ಕಿವಿ ಡಾಕ್ಟ್ರಾ?"

"ನಿಂಗೆ ಈಜು ಬತ್ತೈತಲ್ಲ. ನನ್ ಕೈ ಬದ್ಲು ನಿನ್ ಕೈ ಬೇಕು, ತಲೆ ಬ್ಯಾಡ. ತಲೆ ನನ್ದೇ ಐತೆ."

ವಿಷಯ ಇಷ್ಟು. ಹಿಂದೊಂದು ವರ್ಷ ಆ ಸಮುದ್ರ ಬಿಸಿಯಾಗಿ, ದ್ವೀಪದ ಸುತ್ತ ಇದ್ದ ಹವಳವೆಲ್ಲ ಬೆಳ್ಳಗಾಗಿ ಸತ್ತುಹೋಯಿತು. ಬಂದರಿನ ಪಕ್ಕದ ಒಂದು ತುಂಡು ಮಾತ್ರ ಯಾಕೋ ಉಳಿಯಿತು. ಈಗ ಬಂದರು ಅಗಲ ಮಾಡಲು ಹೂಳೆತ್ತುವ ಯಂತ್ರ ಬರುತ್ತಿದೆ. ಆ ತುಂಡು ಸರಿಯಾಗಿ ಅದರ ದಾರಿಯಲ್ಲೇ ಇದೆ. ಯಂತ್ರ ಬರುವುದರೊಳಗೆ ಹವಳವನ್ನು ಕಿತ್ತು ದ್ವೀಪದ ಇನ್ನೊಂದು ಮಗ್ಗುಲಲ್ಲಿ ನೆಡಬೇಕು. ಮೊದಲು ನೆಟ್ಟ ಸಾಲುಗಳನ್ನು ಅಲ್ಲಿನ ಪಂಚಾಯ್ತಿ ಅಧ್ಯಕ್ಷ ಬಂದು ನೋಡುತ್ತಾನೆ. ಬದುಕಿದ್ದರೆ ಉಳಿದಿದ್ದನ್ನು ಸಾಗಿಸಲು ಅವಕಾಶ. ಸತ್ತಿದ್ದರೆ ಯಂತ್ರ ನೇರ ಒಳಗೆ. ನಮ್ಮಕ್ಕ ವರ್ಷಗಟ್ಟಲೆ ನೀರಲ್ಲಿ ನೆನೆದು ಕಾದಿದ್ದು ಆ ಒಂದು ತುಂಡನ್ನು.

ಅಮ್ಮ ಕಡೂರು ಸ್ಟೇಷನ್ನಿಗೆ ಬಂದಿದ್ದಳು. ಒಂದು ಚೀಲ ರಾಗಿಹಿಟ್ಟು, ಚಟ್ನಿಪುಡಿ, ರೊಟ್ಟಿ. ರೈಲು ಹೊರಟ ಮೇಲೆ ಕಿಟಕಿಯ ಜೊತೆ ನಡೆಯುತ್ತಾ ಕೂಗಿದಳು. "ಹೆಂಗೂ ಹವಳ ಇರೋ ಕಡೆ ಹೋಗ್ತಿದೀಯ. ನಿನ್ ಕುಜನಿಗೆ ಉಂಗುರಕ್ಕೆ ಒಂದು ತಗೊಂಡ್ಬಾರೋ!"

ಬೋಗಿಯವರೆಲ್ಲ ನನ್ನ ಕುಜದೋಷ ತಿಳಿದುಕೊಂಡರು.

ರಾಗಿಹಿಟ್ಟು ಮತ್ತು ದೋಣಿ

ವಿಮಾನದಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ. ಇಳಿದ ಮೇಲೆ ಆಯಿತು. ಚೀಲ ತಪಾಸಣೆ ಮಾಡುವವನು ರಾಗಿಹಿಟ್ಟು ಬಿಚ್ಚಿ ಮೂಸಿದ. ಬೆರಳಲ್ಲಿ ಉಜ್ಜಿದ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಏನಿದು ಅಂತ ಇಂಗ್ಲಿಷಿನಲ್ಲಿ ಕೇಳಿದರು. ರಾಗಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ಕೊನೆಗೆ ಗಾಳಿಯಲ್ಲೇ ಮುದ್ದೆ ತಿರುವಿ, ಮುರಿದು, ಸಾರಿನಲ್ಲಿ ಅದ್ದಿ, ನುಂಗಿ ತೋರಿಸಿದೆ. ಹಿಂದಿದ್ದ ಜನ ಮೊಬೈಲ್ ತೆಗೆದು ವಿಡಿಯೊ ಮಾಡಿಕೊಂಡರು. ಅಗಿಯದೆ ನುಂಗಿದ್ದು ನೋಡಿ ಆ ತಪಾಸಣೆಯವನಿಗೆ ಇನ್ನಷ್ಟು ಅನುಮಾನ ಬಂತು. ಆಮೇಲೆ ಅವನ ಮೇಲಿನವನು ಬಂದು ನಕ್ಕು ಬಿಟ್ಟುಕಳಿಸಿದ.

ಅಲ್ಲಿಂದ ದೋಣಿ. ಅವರೂ ಅದನ್ನು ದೋಣಿ ಅಂತಲೇ ಕರೆಯುತ್ತಾರೆ. ಆ ದೇಶದಲ್ಲಿ ಯಾರನ್ನೂ ಕೇಳದೆ ನನಗೆ ಅರ್ಥವಾದ ಮಾತು ಅದೊಂದೇ. ದೋಣಿ ನಡೆಸುವವನು ಆದಮ್. ನನ್ನಷ್ಟೇ ವಯಸ್ಸು, ಯಾವ ಮಾತಿಗೂ ಹಲ್ಲು ಕಿರಿಯುವ ಜಾತಿ. ಅವನ ಹಿಂದಿ, ಸಿನಿಮಾ ನೋಡಿ ಕಲಿತದ್ದು, ನನ್ನದು ಕಡೂರು ಸಂತೆಯಲ್ಲಿ ಕಲಿತದ್ದು. ಅವನು ಹೀರೋ ಥರ ಮಾತಾಡುತ್ತಿದ್ದ, ನಾನು ವ್ಯಾಪಾರ ಕುದುರಿಸುವವನ ಥರ.

ದಾರಿಯುದ್ದಕ್ಕೂ ವಾಂತಿ ಮಾಡಿದೆ. ಆದಮ್ ಒಣ ಮೀನಿನ ತುಂಡು ಕೊಟ್ಟು, "ಇದನ್ನು ಚೀಪು, ನಿಂತುಹೋಗುತ್ತೆ" ಅಂದ. ಅದರ ವಾಸನೆಗೆ ಇನ್ನೊಮ್ಮೆ ಆಯಿತು.

ದ್ವೀಪ

ಆ ಊರಿಗಿಂತ ನಮ್ಮೂರ ಕೆರೆ ಏರಿ ಉದ್ದ ಇದೆ. ಬಾಯಲ್ಲಿ ಹಾಕಿದ ಅಡಿಕೆ ಕರಗುವುದರೊಳಗೆ ಈ ತುದಿಯಿಂದ ಆ ತುದಿ ಮುಟ್ಟಬಹುದು. ಅಡಿಕೆ ಅಂದೆನಲ್ಲ, ಅವರೂ ಹಾಕುತ್ತಾರೆ. ತೆಳ್ಳಗೆ ಹೆರೆದು, ಲವಂಗ ಸೇರಿಸಿ. ಅಡಿಕೆ ಬೆಳೆಯುವುದಿಲ್ಲ, ಹಡಗಿನಲ್ಲಿ ಬರುತ್ತದೆ. ಈರುಳ್ಳಿಯೂ ಹಡಗಿನಲ್ಲೇ. ಅಂಗಡಿಯಲ್ಲಿ ಈರುಳ್ಳಿ ಹಿಡಿದು ನೋಡಿದೆ. ನಮ್ಮ ಹೊಲದ್ದೇ ಇರಬಹುದು ಅನ್ನಿಸಿ ಸಿಟ್ಟು ಬಂತು. ಅದು ವಾಂತಿ ಮಾಡದೆ ಬಂದಿದೆ.

ತೆಂಗಿನಮರ ಎಲ್ಲಿ ನೋಡಿದರಲ್ಲಿ. ತುರಿಮಣೆ ನಮ್ಮದೇ ಥರದ್ದು, ಅದರ ಮೇಲೆ ಕೂತೇ ತುರಿಯುತ್ತಾರೆ. ಆದರೆ ಕಾಯನ್ನು ಅಟ್ಟದಲ್ಲಿ ಒಂದು ವರ್ಷ ಬಿಟ್ಟು ಕೊಬ್ಬರಿ ಮಾಡುತ್ತೇವೆ ಅಂದರೆ ಆದಮ್ ನಂಬಲಿಲ್ಲ.

"ಒಂದು ವರ್ಷ ಕಾಯಿ ಕಾಯ್ತಾ ಕೂರ್ತೀರಾ? ಒಳಗೆ ಏನಾಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಅಲ್ಲಾಡಿಸಿ ನೋಡ್ತೀವಿ."

"ಆಮೇಲೆ?"

"ಮತ್ತೆ ಇಡ್ತೀವಿ."

ಅವನು ಇದನ್ನು ಊರೆಲ್ಲ ಹೇಳಿಕೊಂಡು ಬಂದ. ಅಲ್ಲಿ ಬೀದಿಬದಿಯಲ್ಲಿ ಹಗ್ಗದ ಬಲೆ ಕಟ್ಟಿದ ಕುರ್ಚಿಗಳಿರುತ್ತವೆ, ಸಂಜೆಯಾದರೆ ಊರವರೆಲ್ಲ ಅದರಲ್ಲಿ ಜೋತು ಬಿದ್ದು ಮಾತಾಡುತ್ತಾರೆ. ನಾನು ಹಾದುಹೋದರೆ ಸಾಕು, ಒಬ್ಬರಾದರೂ ಕೈಯಲ್ಲಿ ಕಾಯಿ ಅಲ್ಲಾಡಿಸಿದಂತೆ ಮಾಡಿ ನಗುವರು.

ಊಟದ ಕಥೆ ಕೇಳಲೇಬೇಡಿ. ಮೀನಿಲ್ಲದ್ದು ಕೊಡಿ ಅಂದರೆ ಮೇಲಿನ ಮೀನು ತೆಗೆದು ಕೊಡುತ್ತಾರೆ. ಖಾರದ ಪುಡಿಯಲ್ಲೂ ಮೀನು. ಅಕ್ಕನ ಮನೆಯ ಸ್ಟೌ ಮೇಲೆ ಮುದ್ದೆ ತಿರುವಿ, ಚಟ್ನಿಪುಡಿ ನೆಂಚಿಕೊಂಡು ಬದುಕಿದೆ. ಅಕ್ಕ ಕಿವಿಗೆ ಹತ್ತಿ ತುರುಕಿಕೊಂಡು, ನಾನು ಹೇಳಿದ ಅರ್ಧ ಕೇಳದೆ, ಕೇಳಿದ್ದಕ್ಕೆಲ್ಲ ಬೈಯುತ್ತಾ ಇದ್ದಳು.

ಮೊದಲ ಮುಳುಗು

ನಾನು ಈಜು ಕಲಿತದ್ದು ಬಾವಿಯಲ್ಲಿ, ಸೊಂಟಕ್ಕೆ ಖಾಲಿ ಕ್ಯಾನ್ ಕಟ್ಟಿಕೊಂಡು. ಬಾವಿ ಸುಮ್ಮನಿರುತ್ತದೆ. ಸಮುದ್ರ ಸುಮ್ಮನಿರಲ್ಲ. ಒಂದು ಕಡೆ ನಿಂತು ಉಳಿ ಹೊಡೆಯಲು ಹೋದರೆ ಇನ್ನೊಂದು ಕಡೆ ಇರುತ್ತೇವೆ. ಮೂಗಿಗೆ ಉಪ್ಪು. ಬಾಯಲ್ಲಿ ರಬ್ಬರ್ ಕೊಳವೆ.

ಮೊದಲ ದಿನವೇ ಹಳದಿ ಬಣ್ಣದ್ದೊಂದು ಮೊಣಕೈಗೆ ತಾಗಿ ತುರುಚಿಗಿಡ ಸೋಕಿದಂತೆ ಉರಿಯಿತು. ದೋಣಿಯ ಅಂಚು ಹಿಡಿದು ಕಿರುಚಿದೆ.

"ನಿನ್ ಹವಳ ಸುಟ್ಟಾಕ್ತಲ್ಲೇ!"

ಅಕ್ಕ ದೋಣಿಯಿಂದಲೇ ಬಗ್ಗಿ ನೋಡಿದಳು. "ಅದು ಹವಳ ಅಲ್ಲ ಬಿಡು."

"ಕಲ್ಲಿನಂಗೈತೆ. ಹವಳದ ಮಧ್ಯೆ ಐತೆ. ಹವಳ ಅಲ್ವಾ?"

"ನೋಡಕ್ಕೆ ಹಂಗೈತೆ, ಅಷ್ಟೇ. ಅದ್ರ ಕುಲ ಬೇರೆ."

"ಸರಿ, ಅಮ್ಮ ಹೇಳಿದ್ ಕೆಂಪುದು?"

"ಉಂಗುರದ್ದಾ? ಅದ್ರದ್ದೂ ಬೇರೆ. ಅದು ಬೇರೆ ಸಮುದ್ರದ ಆಳದಾಗೆ ಬೆಳೆಯೋದು. ಅದಕ್ಕೆ ಎಂಟು ಬೆರಳು. ನಮ್ದಕ್ಕೆ ಆರು, ಇಲ್ಲ ಆರಾರು ಹೆಚ್ಕೊಂಡು ಹೋಗೋದು."

"ಕಲ್ಲಿಗೆ ಬೆರಳಾ?"

ಆಮೇಲೆ ಅವಳು ಪಾಠ ಶುರು ಮಾಡಿದಳು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹವಳದ ಮೇಲೆ ರಾಗಿಕಾಳಿನಿಂದ ಕಡಲೆಕಾಳಿನಷ್ಟರವರೆಗಿನ ಬಟ್ಟಲುಗಳು ಇರುತ್ತವೆ. ಒಂದೊಂದು ಬಟ್ಟಲಲ್ಲೂ ಒಂದು ಮೆತ್ತನೆ ಪ್ರಾಣಿ. ಅದಕ್ಕೊಂದು ಬಾಯಿ, ಬಾಯಿಯ ಸುತ್ತ ಬೆರಳು. ತಿನ್ನುವುದೂ ಅದೇ ಬಾಯಲ್ಲಿ, ಹೊರಗೆ ಹಾಕುವುದೂ ಅದೇ ಬಾಯಲ್ಲಿ. ನೀರಿನಲ್ಲಿರುವ ಸುಣ್ಣ ಹೀರಿ ತನ್ನ ಬುಡಕ್ಕೆ ತಾನೇ ಕಲ್ಲು ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲಿ ಇನ್ನೊಂದು ಮೊಳೆಯುತ್ತದೆ, ಅದೂ ಕಟ್ಟುತ್ತದೆ. ಸಾವಿರಾರು ಸೇರಿ ಒಂದು ಕಲ್ಲು. ಅಂಥ ಕಲ್ಲುಗಳು ಸೇರಿ ದಿಬ್ಬ. ದಿಬ್ಬದ ಪುಡಿಯೇ ಆ ಬಿಳಿ ಮರಳು. ಅಂದರೆ ಆ ಊರೇ ಅದರ ಮೇಲೆ ಕೂತಿದೆ.

ಇಷ್ಟಕ್ಕೇ ಮುಗಿಯಲ್ಲ. ಆ ಪ್ರಾಣಿಯ ಮೈಯೊಳಗೆ ಪಾಚಿ ಇರುತ್ತದಂತೆ. ಬಿಸಿಲಿಗೆ ಅಡುಗೆ ಮಾಡಿ ಹೆಚ್ಚಿನ ಪಾಲು ಯಜಮಾನನಿಗೆ ಕೊಡುತ್ತದೆ, ಪಾಲಿಗೆ ಹೊಲ ಮಾಡಿದವರ ಹಾಗೆ. ಬಣ್ಣವೂ ಪಾಚಿಯದ್ದೇ. ನೀರು ಬಿಸಿಯಾದರೆ ಯಜಮಾನನಿಗೂ ಪಾಲುಗಾರನಿಗೂ ಆಗಿಬರದೆ ಪಾಚಿ ಹೊರಗೆ ಹೋಗುತ್ತದೆ. ಆಗ ಹವಳ ಬೆಳ್ಳಗಾಗುತ್ತದೆ, ಉಪವಾಸ ಬಿದ್ದು ಸಾಯುತ್ತದೆ.

"ಬಿಳಿ ಕಂಡ್ರೆ ಕೆಟ್ಟದ್ದು ಅಂತ ತಿಳ್ಕೋ. ಅಷ್ಟು ನೆನಪಿಟ್ಕೊಂಡ್ರೆ ಸಾಕು ನೀನು," ಅಂದಳು ಅಕ್ಕ.

ಅಷ್ಟನ್ನೇ ನೆನಪಿಟ್ಟುಕೊಂಡೆ.

ಹೋಬಳಿ, ಗ್ರಾಮ, ಹಿಸ್ಸಾ

ಹೆಸರುಗಳ ಕಾಟ ಬೇರೆ. ನಾನು ನನ್ನ ಅನುಕೂಲಕ್ಕೆ ಮೂರು ಹೆಸರಿಟ್ಟುಕೊಂಡೆ. ಕವಲು ಕವಲಾಗಿ ಜಿಂಕೆ ಕೊಂಬಿನಂತೆ ಇರುವುದು ಕೊಂಬು. ಉಂಡೆಯಾಗಿ ಕೂತಿರುವುದು ಗುಂಡು. ಸಣ್ಣ ಗುಪ್ಪೆಯಾಗಿ, ಹಗಲಲ್ಲೂ ಹಸಿರು ಬೆರಳು ಬಿಚ್ಚಿಕೊಂಡು ಹೂವಿನಂತೆ ಅಲ್ಲಾಡುವುದು ಚೆಂಡುಹೂ. ಅಕ್ಕ ಒಪ್ಪಲಿಲ್ಲ. ಕೊಂಬಿಗೆ ಅಕ್ರೋಪೊರ ಅನ್ನಬೇಕಂತೆ, ಗುಂಡಿಗೆ ಪೊರೈಟಿಸ್, ಚೆಂಡುಹೂವಿಗೆ ಗ್ಯಾಲಾಕ್ಸಿಯ.

"ಆಕಾರ ನೋಡಿ ಹೆಸರಿಡ್ಬ್ಯಾಡ್ವೋ. ಅಲೆ ಹೊಡೆಯೋ ಕಡೆ ಅದೇ ಕೊಂಬು ಕುಳ್ಳಗೆ ಬೆಳೀತೈತೆ, ನಿಂತ ನೀರಾಗೆ ಉದ್ದಕ್ಕೆ. ತುದಿ ನೋಡು. ತುದೀಲಿ ಒಂದು ದೊಡ್ಡ ಬಟ್ಲು ಇದ್ರೆ ಅದು ಅಕ್ರೋಪೊರ. ಕುಳ್ಳಗಾದ್ರೂ ಇರ್ಲಿ, ಉದ್ದಕ್ಕಾದ್ರೂ ಇರ್ಲಿ."

"ಇಷ್ಟೆಲ್ಲ ಯಾಕೆ ಬೇಕು?"

"ನಮ್ ಹೊಲ ಎಲ್ಲೈತೆ ಅಂತ ಹೆಂಗೆ ಹೇಳ್ತೀಯ? ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಇದೂ ಹಂಗೇ. ಪ್ರಾಣಿ ಅನ್ನೋದು ಜಿಲ್ಲೆ. ಕುಟುಕೋ ಪ್ರಾಣಿ ಅನ್ನೋದು ತಾಲ್ಲೂಕು, ಅದ್ರಾಗೆ ಲೋಳೆಮೀನೂ ಬತ್ತೈತೆ. ಆರು ಬೆರಳಿಂದು ಹೋಬಳಿ. ಕಲ್ಲು ಕಟ್ಟೋವು ಗ್ರಾಮ. ಅಕ್ರೋಪೊರ ಸರ್ವೆ ನಂಬರು. ಅದ್ರಾಗೆ ಇನ್ನೂ ಹಿಸ್ಸಾ ಅವೆ."

ಇದು ಸ್ವಲ್ಪ ತಲೆಗೆ ಹೋಯಿತು. ಹೋದ ಕೂಡಲೇ ಅವಳೇ ಕೆಡಿಸಿದಳು. ಚೆಂಡುಹೂ ಮೊದಲು ಬೇರೆ ಮನೆತನದಲ್ಲಿತ್ತಂತೆ. ಆಮೇಲೆ ಒಳಗಿನ ವಂಶದ ಗುರುತು ಪರೀಕ್ಷೆ ಮಾಡಿ ಇನ್ನೊಂದು ಮನೆತನಕ್ಕೆ ಸೇರಿಸಿದರಂತೆ.

"ಸೇರಿಸಿದ್ರೆ ಅದಕ್ಕೇನಾದ್ರೂ ಆಯ್ತಾ?"

"ಅದಕ್ಕೇನಾಗ್ತೈತೆ? ಅಜ್ಜಂಪುರ ತರೀಕೆರೆ ತಾಲ್ಲೂಕಿಂದ ಹೊರಗೆ ಬಂದಾಗ ನಿಂಗೇನಾಯ್ತು?"

"ಪಹಣಿ ತಗೊಳಕ್ಕೆ ತರೀಕೆರೆಗೆ ಹೋದ್ರೆ ಇಲ್ಲಿ ಸಿಗಲ್ಲ, ಅಜ್ಜಂಪುರಕ್ಕೆ ಹೋಗು ಅಂದ್ರು. ಅಲ್ಲಿ ಹೋದ್ರೆ ಫೈಲು ಇನ್ನೂ ತರೀಕೆರೆಲೇ ಐತೆ ಅಂದ್ರು."

"ಹಾಂ, ನಂದೂ ಅದೇ ಗೋಳು," ಅಂದಳು. ಆ ದೇಶಕ್ಕೆ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಸಾಲು ನೆಟ್ಟಿದ್ದು

ಕೆಲಸ ಹೀಗೆ. ಬಂದರಿನ ಪಕ್ಕದ ಕೆಸರು ನೀರಿನಲ್ಲಿ ಮುಳುಗಿ, ಉಳಿಯಿಂದ ಕೊಂಬಿನ ತುಂಡು ಬಿಡಿಸಬೇಕು. ಸಮುದ್ರದ ನೀರು ತುಂಬಿದ ಟಬ್ಬಿಗೆ ಹಾಕಬೇಕು. ಆದಮ್ ದೋಣಿಯಲ್ಲಿ ಆಚೆ ಮಗ್ಗುಲಿಗೆ ಒಯ್ಯುತ್ತಾನೆ. ಅಲ್ಲಿ ಎದೆಮಟ್ಟದ ನೀರಿನಲ್ಲಿ ಸತ್ತ ಬಂಡೆ ಉಜ್ಜಿ, ಸಿಮೆಂಟ್ ಉಂಡೆ ಮಾಡಿ ಒತ್ತಿ, ಅದರೊಳಗೆ ತುಂಡು ನಿಲ್ಲಿಸಬೇಕು. ಮೊದಲನೇ ದಿನ ನಾನು ಕಟ್ಟಿದ ಸಿಮೆಂಟೆಲ್ಲ ಅಲೆಗೆ ಹೋಯಿತು. ಆದಮ್ ದೋಣಿಯಲ್ಲಿ ಕೂತು ಅಡಿಕೆ ಜಗಿಯುತ್ತಾ ಹೇಳಿದ. "ನಮ್ಮ ತಾತ ಇದನ್ನೇ ಕಿತ್ತು ಮನೆ ಕಟ್ಟಿದ. ನೀನು ಮತ್ತೆ ತಂದು ಇಲ್ಲಿಗೆ ಅಂಟಿಸ್ತಿದ್ದೀಯ. ಮೊದಲೇ ಬಂದಿದ್ದರೆ ಇಬ್ಬರಿಗೂ ಕೆಲಸ ಉಳೀತಿತ್ತು." ಅವರ ಊರಿನ ಹಳೇ ಗೋಡೆಗಳೆಲ್ಲ ಹವಳದ ಕಲ್ಲೇ, ಸುಣ್ಣವೂ ಹವಳ ಸುಟ್ಟಿದ್ದೇ. ನಿಜ ಹೇಳಿದ್ದಕ್ಕೆ ಬೈಯಲಾಗಲಿಲ್ಲ.

ಅಕ್ಕನಿಗೆ ಆ ವಾರ ಕಿವಿಯ ಜೊತೆ ಜ್ವರವೂ ಬಂತು. ಮನೆಯಲ್ಲೇ ಮಲಗಿ ಅಪ್ಪಣೆ ಕೊಟ್ಟಳು.

"ಒಂದಕ್ಕೂ ಇನ್ನೊಂದಕ್ಕೂ ಎರಡು ಗೇಣು ಬಿಡು. ಆ ಬಂಡೆ ಮೇಲೆ ಕೊಂಬು ಮಾತ್ರ. ಚೆಂಡುಹೂ ಅಂತೀಯಲ್ಲ, ಅದನ್ನ ದೂರದ ಬಂಡೆಗೆ ಹಾಕು. ಒಂದು ಜಾತಿ ಒಂದು ಕಡೆ."

"ಮಠದಾಗೆ ಸ್ವಾಮಿಗಳು ಜಾತಿ ಬಿಡ್ರಪ್ಪಾ ಅಂತಾರೆ. ನೀನು ಸಮುದ್ರದಾಗೂ ಜಾತಿ ಮಾಡ್ತೀಯಲ್ಲೇ ಅಕ್ಕ."

"ಬಾಯ್ ಮುಚ್ಕೊಂಡು ಹೇಳಿದ್ ಮಾಡೋ."

ಮಾಡಿದೆ. ಕೊಂಬಿನ ಸಾಲು ಚೆನ್ನಾಗಿಯೇ ನಿಂತಿತು. ಆದರೆ ನಡುವೆ ಎರಡು ಗೇಣು ಬರಿ ಬಂಡೆ. ನೋಡಲಾಗುತ್ತಿರಲಿಲ್ಲ. ನಮ್ಮ ಕಡೆ ರಾಗಿ ಹಾಕಿದರೂ ಮಧ್ಯೆ ಮಧ್ಯೆ ಅಕ್ಕಡಿ ಸಾಲು ಬಿಟ್ಟು ಅದರಲ್ಲಿ ಅವರೆ, ಜೋಳ, ಹುಚ್ಚೆಳ್ಳು ಹಾಕುತ್ತೇವೆ. ಮೆಣಸಿನ ಗಿಡದ ನಡುವೆ ಚೆಂಡುಹೂ ಹಾಕುತ್ತೇವೆ. ಹುಳ ಹೂವಿಗೆ ಹೋಗುತ್ತದೆ, ಮೆಣಸಿನಕಾಯಿ ಉಳಿಯುತ್ತದೆ. ನಮ್ಮಜ್ಜಿ ಖಾಲಿ ಜಾಗ ಕಂಡರೆ ಬೈಯುತ್ತಿದ್ದಳು. ದೂರದ ಬಂಡೆಗೆ ಹೋಗಿ ಬರುವಷ್ಟರಲ್ಲಿ ನೀರಿನ ಸೆಳೆತಕ್ಕೆ ತೋಳು ಬಿದ್ದುಹೋಗುತ್ತಿತ್ತು. ಟಬ್ಬಿನಲ್ಲಿ ಚೆಂಡುಹೂ ಇತ್ತು. ಇಲ್ಲಿ ಜಾಗ ಇತ್ತು.

ಎರಡು ಕೊಂಬಿನ ನಡುವೆ ಒಂದೊಂದು ಚೆಂಡುಹೂ ಇಟ್ಟುಕೊಂಡು ಹೋದೆ. ಇಡೀ ಬಂಡೆ ತುಂಬಿತು. ಮೇಲಿಂದ ನೋಡಿದರೆ ನಮ್ಮ ಹೊಲವೇ. ಆದಮ್ ಕೂಡ ಹಲ್ಲು ಕಿರಿಯದೆ, "ಚೆನ್ನಾಗಿದೆ" ಅಂದ.

ಬಕೀಟಿನೊಳಗೆ ಕಂಡದ್ದು

ವಾರ ಕಳೆದು ಅಕ್ಕ ಎದ್ದು ಓಡಾಡುವಂತಾದಳು. ಅವಳ ಹತ್ತಿರ ತಳಕ್ಕೆ ಗಾಜು ಕೂರಿಸಿದ ಒಂದು ಬಕೀಟು ಇತ್ತು. ದೋಣಿಯಿಂದ ಬಗ್ಗಿ ಅದನ್ನು ನೀರಿಗೆ ಅದ್ದಿದರೆ ತಲೆ ನೆನೆಯದೆ ತಳ ಕಾಣುತ್ತದೆ. ಮರುದಿನ ಅಧ್ಯಕ್ಷ ಬರುವವನಿದ್ದ. ನಾನು ಹೊಗಳಿಸಿಕೊಳ್ಳಲು ಪಕ್ಕದಲ್ಲೇ ನಿಂತೆ.

ಅವಳು ಬಕೀಟಿನಿಂದ ತಲೆ ಎತ್ತಲಿಲ್ಲ. ಎಷ್ಟು ಹೊತ್ತಾದರೂ ಎತ್ತಲಿಲ್ಲ.

"ಏನಕ್ಕ?"

"ಏನೋ ಮಾಡಿದೀಯ ನೀನು?" ಅಂದಳು ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ನನಗೆ ಭಯ. "ಏನು ಮಾಡಿದೀಯ ಅಂತ ಕೇಳ್ತಿರೋದು!"

ನಾನು ಬಕೀಟು ಕಿತ್ತುಕೊಂಡು ನೋಡಿದೆ. ಕೊಂಬುಗಳು ಬೆಳ್ಳಗಾಗಿದ್ದವು. ಪೂರ್ತಿ ಅಲ್ಲ. ಚೆಂಡುಹೂವಿಗೆ ಎದುರಾಗಿದ್ದ ಮಗ್ಗುಲು ಮಾತ್ರ, ಬುಡದಿಂದ ಮೇಲಕ್ಕೆ, ಸುಣ್ಣ ಬಳಿದ ಹಾಗೆ. ಆಚೆ ಮಗ್ಗುಲು ಕಂದು ಬಣ್ಣ ಹಾಗೇ ಇತ್ತು. ಚೆಂಡುಹೂವಿನ ಬೆರಳುಗಳಲ್ಲಿ ಕೆಲವು ದಾರದಂತೆ ಉದ್ದವಾಗಿ, ಸೆಳೆತಕ್ಕೆ ತೇಲಿ ಕೊಂಬಿನ ಮೈಗೆ ತಾಗುತ್ತಿದ್ದವು.

"ಅವು ಜಗಳ ಆಡ್ತಾವೆ ಕಣೋ! ಜಾಗಕ್ಕೆ! ಪಕ್ಕದ್ದು ತನ್ನ ಕುಲ ಅಲ್ಲ ಅಂತ ಗೊತ್ತಾದ್ರೆ ಕುಟುಕಿ ಸಾಯಿಸ್ತಾವೆ. ಕೆಲವು ಹೊಟ್ಟೆ ಒಳಗಿನ ದಾರ ಹೊರಗೆ ಬಿಟ್ಟು ಪಕ್ಕದ್ದನ್ನ ಅಲ್ಲೇ ಅರಗಿಸಿಬಿಡ್ತಾವೆ. ಅದರಾಗೂ ಇದು! ಇರೋದ್ರಲ್ಲೆಲ್ಲ ದೊಡ್ಡ ರೌಡಿ ಇದು. ಹುಡುಕಿ ಹುಡುಕಿ ಇದನ್ನೇ ಮಧ್ಯೆ ನೆಟ್ಟಿದೀಯಲ್ಲೋ!"

"ಹೂವಿನಂಗೆ ಇತ್ತು."

"ಹೂವು! ಹುಳ ಬರ್ದಂಗೆ ಹಾಕಿದ್ಯಾ?"

ಅವಳೂ ಅದೇ ಹೊಲದಲ್ಲಿ ಬೆಳೆದವಳು, ಹೇಳದೆ ಗೊತ್ತಾಯಿತು. ಆದಮ್ ಹಿಂದಿಯಲ್ಲಿ, "ಏನಂತೆ?" ಅಂದ.

"ಮುಚ್ಚು ಬಾಯಿ," ಅಂದೆವು ಇಬ್ಬರೂ. ಅದು ಅವನಿಗೆ ಅರ್ಥವಾಯಿತು.

ಅಕ್ಕ ಅತ್ತಳು. ಜೋರಾಗಿ ಅಲ್ಲ. ಕಿವಿಯ ಹತ್ತಿ ತೆಗೆದು ಅದರಲ್ಲೇ ಮೂಗು ಒರೆಸಿಕೊಂಡು, "ನೀರಿಗೆ ನೆಗೀಲೇ. ಚೆಂಡುಹೂ ಎಲ್ಲ ಕೀಳು. ಬಿಳಿಯಾದ ಕವಲು ಕತ್ತರಿಸು. ಜೀವ ಇರೋ ಮಗ್ಗುಲು ಉಳ್ಕೊಂಡ್ರೂ ಉಳ್ಕೋತೈತೆ," ಅಂದಳು.

ಕತ್ತಲಾಗುವವರೆಗೆ ಕಿತ್ತೆ. ನಾನೇ ಒತ್ತಿದ ಸಿಮೆಂಟ್. ಈಗ ಅದು ಹಾಳಾದ್ದು ಕಲ್ಲಿಗಿಂತ ಗಟ್ಟಿ. ಮೊದಲ ದಿನ ಹೀಗೆ ಹಿಡಿಯಬಾರದಿತ್ತಾ? ನೀರು ಏರಿತು, ಸೆಳೆತ ಜೋರಾಯಿತು, ಕೈ ಮರಗಟ್ಟಿತು. ಬಂಡೆಯ ಕೊನೆಯಲ್ಲಿ ಒಂದು ಜೋಡಿ ಉಳಿಯಿತು. ಹಾಳಾಗಿ ಹೋಗಲಿ ಅಂತ ಬಿಟ್ಟು ದೋಣಿ ಹತ್ತಿದೆ.

ಅಧ್ಯಕ್ಷ ಬಂದ ದಿನ

ಅಧ್ಯಕ್ಷ ಕೆಟ್ಟವನಲ್ಲ. ಅದು ಇನ್ನೂ ಕಷ್ಟ. ನೀರು ಇಳಿದಾಗ ಆ ಬಂದರಿಗೆ ದೊಡ್ಡ ದೋಣಿ ಬರುವುದಿಲ್ಲ. ಅವನ ತಾಯಿ ಕಾಯಿಲೆ ಬಿದ್ದಾಗ ಆಸ್ಪತ್ರೆ ದೋಣಿ ಒಳಗೆ ಬರಲಾಗದೆ, ನೀರೇರುವವರೆಗೆ ಹೊರಗೇ ನಿಂತಿತ್ತಂತೆ. ಮುದುಕಿಯನ್ನು ಹೆಗಲ ಮೇಲೆ ಹೊತ್ತು ನೀರಲ್ಲಿ ನಡೆದವನು ಅವನೇ. ಅವನಿಗೆ ಬಂದರು ಬೇಕು. ತಪ್ಪು ಅನ್ನಲು ಬಾಯಿ ಬರಲ್ಲ. ಅವನು ಹೇಳುತ್ತಿದ್ದುದು ಒಂದೇ ಮಾತು: ಕಲ್ಲಿಗೋಸ್ಕರ ಜನ ಕಾಯಬೇಕಾ?

ಪಂಚಾಯ್ತಿಯ ಇನ್ನಿಬ್ಬರ ಜೊತೆ ದೋಣಿ ಹತ್ತಿದ. ಅಕ್ಕ ಆದಮ್‌ಗೆ ದೋಣಿಯನ್ನು ಮೊದಲ ಸಾಲಿನ ಮೇಲೆ ನಿಲ್ಲಿಸಲು ಹೇಳಿದಳು. ಅಲ್ಲಿ ಕಂಡಿದ್ದು ಕತ್ತರಿಸಿದ ಮೋಟುಗಳು, ಸಿಮೆಂಟಿನ ಗಾಯ. ಕಂದು ಬಣ್ಣ ಉಳಿದದ್ದು ಅಲ್ಲಲ್ಲಿ. ಅಧ್ಯಕ್ಷ ಬಕೀಟಿನಲ್ಲಿ ನೋಡಿ ತಮ್ಮ ಭಾಷೆಯಲ್ಲಿ ಏನೋ ಅಂದ. ಆದಮ್ ನನ್ನ ಕಿವಿಯಲ್ಲಿ, "ಸತ್ತ ಕಲ್ಲು ಕಿತ್ತು ಸತ್ತ ಕಲ್ಲು ನೆಟ್ಟಿದ್ದೀರಿ ಅಂತಿದ್ದಾರೆ" ಅಂದ.

ಅಷ್ಟರಲ್ಲಿ ಸೆಳೆತಕ್ಕೆ ದೋಣಿ ಜಾರಿ ಬಂಡೆಯ ಕೊನೆಗೆ ಬಂತು. ನಾನು ಕೀಳದೆ ಬಿಟ್ಟ ಜೋಡಿಯ ಮೇಲೆ. ಅಕ್ಕ ಗಾಬರಿಯಿಂದ, "ಆದಮ್, ಹಿಂದಕ್ಕೆ, ಹಿಂದಕ್ಕೆ" ಅಂದಳು. ಅಧ್ಯಕ್ಷ ಕೈ ಅಡ್ಡ ಹಿಡಿದ. ಬಕೀಟು ಅದ್ದಿ ನೋಡಿದ. ಇದೇನು ಈ ಕಡೆ ಬಿಳಿ, ಆ ಕಡೆ ಬಣ್ಣ ಅಂತ ಕೇಳಿದ.

ಅಕ್ಕ ಬಾಯಿ ತೆರೆಯುವ ಮುಂಚೆ ನನಗೆ ತಡೆಯಲಾಗಲಿಲ್ಲ. ವಾಂತಿ, ಮೀನು, ಮೊಣಕೈ ಉರಿ, ಹೋಬಳಿ, ಹಿಸ್ಸಾ, ಎಲ್ಲ ಸೇರಿ ತಲೆ ಕೆಟ್ಟಿತ್ತು. "ಹೊಡೆದಾಡ್ತಿವೆ!" ಅಂದೆ ಆದಮ್‌ಗೆ ಹಿಂದಿಯಲ್ಲಿ. "ಹೇಳು ಅವರಿಗೆ. ನಾನು ಇವೆರಡನ್ನ ಅಕ್ಕಪಕ್ಕ ನೆಟ್ಟೆ. ಆ ಹೂವಿನಂಥದ್ದು ಈ ಕೊಂಬನ್ನ ಕುಟುಕಿ ಕುಟುಕಿ ಸಾಯಿಸ್ತಿದೆ. ಎಲ್ಲಾ ಸಾಲಲ್ಲೂ ಹೀಗೇ ಆಯ್ತು. ನಿನ್ನೆ ಎಲ್ಲ ಕಿತ್ತೆ, ಇದೊಂದು ಆಗ್ಲಿಲ್ಲ."

ಆದಮ್ ಹೇಳಿದ. ಅಕ್ಕ ನನ್ನ ಕಾಲು ತುಳಿದಳು. ಅಧ್ಯಕ್ಷ ಮತ್ತೆ ಬಕೀಟಿನೊಳಗೆ ಮುಖ ಇಟ್ಟ. ಉದ್ದನೆಯ ಬೆರಳು ತೇಲಿ ಬಂದು ಕೊಂಬಿಗೆ ತಾಗುವುದು, ಬಿಡುವುದು, ಮತ್ತೆ ತಾಗುವುದು. ಅವನು ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತದೆಯೇ ಒಂದು ಮಾತು ಕೇಳಿದ.

ಆದಮ್ ನಕ್ಕ. "ಯಾವುದು ಗೆಲ್ತಿದೆ ಅಂತ ಕೇಳ್ತಿದ್ದಾರೆ."

"ಹೂವು," ಅಂದೆ.

ಅವನು ಜೊತೆಗಿದ್ದ ಇಬ್ಬರನ್ನು ಕರೆದ. ಅವರೂ ನೋಡಿದರು. ಒಬ್ಬನ ಕೈಯಿಂದ ಇನ್ನೊಬ್ಬ ಬಕೀಟು ಕಸಿದುಕೊಂಡ. ಮೂರು ದೊಡ್ಡ ಮನುಷ್ಯರು ಒಂದು ಬಕೀಟಿಗೆ ಕಿತ್ತಾಡಿ ದೋಣಿ ಒಂದು ಕಡೆ ವಾಲಿತು. ಮಾತು ಜೋರಾಯಿತು. ಕೊನೆಗೆ ಅಧ್ಯಕ್ಷ ಮುಖದ ಉಪ್ಪುನೀರು ಒರೆಸಿಕೊಂಡು ಅಕ್ಕನ ಕಡೆ ತಿರುಗಿ ನಿಧಾನವಾಗಿ ಹೇಳಿದ. ಅದನ್ನು ಅಕ್ಕನೇ ನನಗೆ ಕನ್ನಡ ಮಾಡಿದಳು. "ನೀವು ಇಷ್ಟು ವರ್ಷ ಇದಕ್ಕೆ ಜೀವ ಇದೆ ಅಂತ ಹೇಳಿದ್ರಿ, ಚಿತ್ರ ತೋರಿಸಿದ್ರಿ. ನಾನು ಕಲ್ಲು ಅಂದೆ. ಕಲ್ಲು ಜಗಳ ಆಡಲ್ಲ."

ಬಂದರು ನಿಲ್ಲಲಿಲ್ಲ. ನಿಲ್ಲುವುದೂ ಬೇಡ, ಅವನ ತಾಯಿಯಂಥವರು ಇನ್ನೂ ಇದ್ದಾರೆ. ಆದರೆ ಯಂತ್ರ ಬಂದರಿನ ಆಚೆ ತುದಿಯಿಂದ ಕೆಲಸ ಶುರು ಮಾಡಲಿ, ಈ ತುದಿ ಕೊನೆಗೆ ಅಂತ ಆಯಿತು. ಊರಿನ ಹುಡುಗರು ನಾಲ್ಕೈದು ಜನ ಈಜಲು ಬಂದರು. ಜಗಳ ನೋಡಬೇಕು ಅಂತ ಬಂದವರು. ಅಕ್ಕ ಎಲ್ಲರ ಕೈಗೂ ಟಬ್ಬು ಕೊಟ್ಟಳು.

ಗುಂಡು

ಎಲ್ಲ ಸಾಗಿಸಿದೆವು, ಒಂದು ಬಿಟ್ಟು. ನಮ್ಮ ಟ್ರ್ಯಾಕ್ಟರ್ ಟ್ರೈಲರಿನಷ್ಟು ದೊಡ್ಡ ಗುಂಡು. ವರ್ಷಕ್ಕೆ ಉಗುರಿನ ಅಗಲ ಬೆಳೆಯುವ ಜಾತಿ ಅದು, ಹಾಗಾದರೆ ಎಷ್ಟು ಹಳೆಯದೋ ನೀವೇ ನೋಡಿಕೊಳ್ಳಿ. ಅದನ್ನು ಎತ್ತುವ ಯಂತ್ರ ಆ ಊರಲ್ಲಿಲ್ಲ, ಒಡೆಯುವ ಯಂತ್ರ ಮಾತ್ರ ಬಂದಿತ್ತು. ಅಕ್ಕ ಅದರ ಮೈಯಿಂದ ಚಕ್ಕೆಚಕ್ಕೆಯಾಗಿ ತುಂಡು ಬಿಡಿಸಲು ಹೇಳಿದಳು. ನಾನು ಕೇಳದೆಯೇ ಎರಡು ಗೇಣು ಅಳೆದು ನೆಡುತ್ತಿದ್ದೆ.

"ಹತ್ರ ಹಾಕೋ. ಬೆರಳಷ್ಟು ಬಿಡು ಸಾಕು."

"ಮೊದ್ಲು ದೂರ ಅಂದೆ. ಈಗ ಹತ್ರ ಅಂತೀಯ. ನಿಂಗೆ ಒಂದು ಮಾತು ಅಂತ ಐತಾ?"

"ಒಂದೇ ತಾಯಿ ಮೈಯಿಂದು ಕಣೋ ಇವು. ತಮ್ದೇ ಅಂತ ಗೊತ್ತಾಗ್ತೈತೆ. ಜಗಳ ಆಡಲ್ಲ, ಬೆಳ್ಕೊಂಡು ಹೋಗಿ ಕೂಡ್ಕೋತಾವೆ."

ನಾನು ಹೊರಡುವ ದಿನ ಯಂತ್ರ ಆ ತುದಿಯಲ್ಲಿ ಗಿರಗಿರ ಅನ್ನುತ್ತಿತ್ತು. ಅಕ್ಕ ದಡದಲ್ಲಿ ನಿಂತು ಗುಂಡಿನ ಕಡೆ ನೋಡುತ್ತಿದ್ದಳು. ನಾನು ಏನಾದರೂ ಹೇಳಬೇಕಿತ್ತು. "ಕಿವಿಗೆ ಹತ್ತಿ ಹಾಕ್ಕೋ," ಅಂದೆ.

ಏರ್‌ಪೋರ್ಟಿನಲ್ಲಿ ಅದೇ ತಪಾಸಣೆಯವನು. ನನ್ನನ್ನು ನೋಡಿ ಮುದ್ದೆ ನುಂಗಿ ತೋರಿಸಿದ. ನಾನು ನಗುವಷ್ಟರಲ್ಲಿ ಚೀಲದಿಂದ ಒಂದು ಬಿಳಿ ಕೊಂಬಿನ ತುಂಡು ತೆಗೆದ. ನಾನೇ ಸಾಯಿಸಿ ಕತ್ತರಿಸಿದ್ದು, ಅಮ್ಮನಿಗೆ ತೋರಿಸೋಣ ಅಂತ ಇಟ್ಟುಕೊಂಡಿದ್ದೆ. ಸತ್ತದ್ದನ್ನೂ ದೇಶದಿಂದ ಹೊರಗೆ ಒಯ್ಯುವಂತಿಲ್ಲವಂತೆ. ಇಟ್ಟುಕೊಂಡು ಕಳಿಸಿದ.

ಅಜ್ಜಂಪುರ

ಅಮ್ಮನಿಗೆ ಉಂಗುರದ ಹವಳ ಬೇರೆ ಹೋಬಳಿಯದ್ದು ಅಂತ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಅಕ್ಕ ತಿಂಗಳುಗಟ್ಟಲೆ ಫೋನಿನಲ್ಲಿ ಹವಳದ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಸತ್ತಿದೆ ಅಂತಾಳೆ ಅಂತ ಭಯ.

ಮೊನ್ನೆ ಅಮ್ಮ ಮೆಣಸಿನ ಸಾಲಿನಲ್ಲಿ ಚೆಂಡುಹೂವಿನ ಸಸಿ ಇಡುತ್ತಿದ್ದಳು. "ಎರಡು ಗೇಣು ಬಿಟ್ಟು ಹಾಕಮ್ಮ," ಅಂದೆ. "ಪರದೇಶಕ್ಕೆ ಹೋಗ್ಬಂದು ನಂಗೆ ಸಸಿ ಇಡೋದು ಕಲಿಸ್ತಾನೆ," ಅಂತ ಬೈದಳು. ಆಗ ಫೋನ್ ಸದ್ದಾಯಿತು. ಅಕ್ಕ ಫೋಟೋ ಕಳಿಸಿದ್ದಳು. ಅವಳೇ ನೀರೊಳಗೆ ಹೋಗಿ ತೆಗೆದದ್ದು. ನಾನು ನೆಟ್ಟ ಕೊಂಬಿನ ಸಾಲು. ದೊಡ್ಡದು ಮಾಡಿ ನೋಡಿದೆ. ಒಂದೊಂದು ಕೊಂಬಿನ ತುದಿಯೂ ಬಿಳಿ. ಎಲ್ಲವೂ ಬಿಳಿ.

ಕೂಡಲೇ ಫೋನ್ ಮಾಡಿದೆ.

"ಬೆಳ್ಳಗಾಗೋಗವಲ್ಲೇ ಅಕ್ಕ! ಸಾಯ್ತಾವೆ ಅಂತ ಹೇಳಕ್ಕೆ ಫೋಟೋ ಕಳಿಸಿದ್ಯಾ?"

ಆಚೆಯಿಂದ ನಗು ಬಂತು. "ತುದಿ ಕಣೋ ಪೆದ್ದ. ಮಗ್ಗುಲು ಬಿಳಿಯಾದ್ರೆ ಸಾವು. ತುದಿ ಬಿಳಿ ಇದ್ರೆ ಬೆಳೀತೈತೆ ಅಂತ. ಎಷ್ಟು ಜೋರಾಗಿ ಬೆಳೀತೈತೆ ಅಂದ್ರೆ ಪಾಚಿ ಇನ್ನೂ ಅಲ್ಲೀಗಂಟ ಬಂದಿಲ್ಲ."

ನಾನು ಬದುವಿನ ಮೇಲೆ ಕೂತೆ. ಸಿಟ್ಟು ನೆತ್ತಿಗೇರಿತ್ತು. "ಸಾಯಕ್ಕೂ ಬಿಳಿ, ಬೆಳೆಯಕ್ಕೂ ಬಿಳಿ. ಈ ಮಾತು ಅಲ್ಲಿದ್ದಾಗ್ಲೇ ಹೇಳಕ್ಕೆ ನಿಂಗೇನಾಗಿತ್ತು?"

"ಆಗ ಕೆಸರು ನೀರಾಗೆ ಇದ್ವಲ್ಲೋ," ಅಂದಳು ಅಕ್ಕ. "ಒಂದೂ ಬೆಳೀತಿರ್ಲಿಲ್ಲ."